ಎಲ್ಲರೂ ತಗೊಂಡಿರಲಿಲ್ಲ

ವಿಜಯಪುರದಿಂದ ಓದುಗರೊಬ್ಬರ ಪತ್ರ: “ಅಮೆರಿಕದ ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಬಗ್ಗೆ ಮತ್ತೆ ಬರೆದಿದ್ದೀರಿ. ಆ ಕಾಲದಲ್ಲಿ ಎಲ್ಲರೂ ಉದ್ದೀಪನ ಮದ್ದು ತಗೊಳ್ಳುತ್ತಿದ್ದರು. ಹಾಗಿದ್ದ ಮೇಲೆ ಗೆದ್ದವನೇ ದೊಡ್ಡವನು ಅಲ್ವಾ? ನಾನು ಹುಡುಗರಿಗೆ ಸೈಕ್ಲಿಂಗ್ ಕಲಿಸುತ್ತೇನೆ. ಇಂಥದ್ದು ಓದಿದರೆ ಅವರ ಉತ್ಸಾಹ ಹಾಳಾಗುತ್ತದೆ. ಹಳೇ ಕಥೆ ಬಿಡಿ.”

ಸಂಪಾದಕರ ಉತ್ತರ:

ನಿಮ್ಮ ಕಡೆ ಸೈಕಲ್ ರೇಸ್ ಅಂದರೆ ಜನರಿಗೆ ಎಷ್ಟು ಪ್ರೀತಿ ಅನ್ನುವುದು ಗೊತ್ತು. ಹುಡುಗರ ಬಗ್ಗೆ ನಿಮಗಿರುವ ಕಾಳಜಿಯೂ ಅರ್ಥವಾಗುತ್ತದೆ. ಆದರೆ ‘ಎಲ್ಲರೂ ತಗೊಂಡರು’ ಅನ್ನುವ ಮಾತನ್ನು ಒಪ್ಪಲಾರೆ. ಅದು ನಿಜವಲ್ಲ. ತಗೊಳ್ಳದೆ ಉಳಿದವರಿಗೆ ಆ ಮಾತಿನಿಂದ ಎರಡನೇ ಸಲ ಅನ್ಯಾಯವಾಗುತ್ತದೆ.

ಫ್ರಾನ್ಸಿನ ಸವಾರ ಕ್ರಿಸ್ಟೋಫ್ ಬಾಸೋನ್ ಫೆಸ್ಟಿನಾ ಎಂಬ ಸೈಕ್ಲಿಂಗ್ ತಂಡದಲ್ಲಿದ್ದ. 1998ರಲ್ಲಿ ಆ ತಂಡದ ಕಾರಿನಲ್ಲಿ ರಾಶಿ ಮದ್ದು ಸಿಕ್ಕಿತು. ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನಿಂದ ಇಡೀ ತಂಡವನ್ನೇ ಹೊರಗೆ ಹಾಕಿದರು. ಬಾಸೋನ್ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ ಎಂದು ಜೊತೆಯ ಸವಾರರೇ ಹೇಳಿದರು. ಮರುವರ್ಷದ ಟೂರ್‌ನಲ್ಲಿ ಆತ ಪತ್ರಿಕೆಗೆ ಅಂಕಣ ಬರೆದು, ರೇಸಿನ ವೇಗ ನಂಬುವಂತಿಲ್ಲ ಎಂದ. ಆರ್ಮ್‌ಸ್ಟ್ರಾಂಗ್ ರೇಸಿನ ನಡುವೆಯೇ ಪಕ್ಕಕ್ಕೆ ಬಂದು, ಮನೆಗೆ ಹೋಗು ಎಂದ. ಉಳಿದವರೂ ಮಾತು ಬಿಟ್ಟರು. ಕೆಲವೇ ದಿನಗಳಲ್ಲಿ ಬಾಸೋನ್ ರೇಸ್ ಬಿಟ್ಟು ಹೊರಟ. ಆ ಸಲ ಗೆದ್ದವನು ಆರ್ಮ್‌ಸ್ಟ್ರಾಂಗ್!

ಇನ್ನು, ಎಲ್ಲರೂ ತಗೊಂಡರೆ ಲೆಕ್ಕ ಸರಿಹೋಯಿತು ಅನ್ನುತ್ತೀರಿ. ಅದೂ ಆಗುವುದಿಲ್ಲ. ಇಪಿಒ ಎಂಬ ಹಾರ್ಮೋನ್ ಮದ್ದು ಚುಚ್ಚಿಕೊಂಡರೆ ಕೆಂಪು ರಕ್ತಕಣ ಹೆಚ್ಚುತ್ತದೆ, ಸ್ನಾಯುಗಳಿಗೆ ಆಮ್ಲಜನಕ ಜಾಸ್ತಿ ಸಿಗುತ್ತದೆ. ರಕ್ತದಲ್ಲಿ ಕೆಂಪುಕಣದ ಪಾಲು ಶೇ. 50 ದಾಟಬಾರದು ಎಂದು 1997ರಲ್ಲಿ ಮಿತಿ ಬಂತು. ಹುಟ್ಟಿನಿಂದ ಶೇ. 42 ಇದ್ದವನು ಮದ್ದಿನಿಂದ ಅಲ್ಲಿಯವರೆಗೆ ಏರಬಹುದು. ಶೇ. 48 ಇದ್ದವನಿಗೆ ಸಿಗುವುದು ಅಷ್ಟಿಷ್ಟೇ. ಜೊತೆಗೆ ದುಡ್ಡು ಬೇರೆ. ಮದ್ದಿನ ವಿಷಯ ನೋಡಿಕೊಳ್ಳುತ್ತಿದ್ದ ಇಟಲಿಯ ವೈದ್ಯ ಡಾ. ಮಿಕೆಲೆ ಫೆರಾರಿಗೆ ಆರ್ಮ್‌ಸ್ಟ್ರಾಂಗ್ ಕೊಟ್ಟದ್ದು ಹತ್ತು ಲಕ್ಷ ಡಾಲರಿಗೂ ಹೆಚ್ಚು ಎಂದು ಅಮೆರಿಕದ ಉದ್ದೀಪನ ತಡೆ ಸಂಸ್ಥೆ ಲೆಕ್ಕ ಕೊಟ್ಟಿದೆ. ಬಡ ಸವಾರನಿಗೆ ಅಂಥ ವೈದ್ಯ ಎಲ್ಲಿ ಸಿಗಬೇಕು?

ಹಳೇ ಕಥೆ ಯಾಕೆ ಅಂದರೆ, ಮದ್ದು ತಗೊಂಡಿಲ್ಲ ಎನ್ನುತ್ತಿದ್ದ ಆರ್ಮ್‌ಸ್ಟ್ರಾಂಗ್‌ನ ಸುಳ್ಳನ್ನು ಕೆಡವಿದ್ದು ಬರೀ ಮೂತ್ರ ಪರೀಕ್ಷೆಯಲ್ಲ. ಬಾಯಿಬಿಟ್ಟು ಹೇಳಿದ ಜನ. ಆತನ ತಂಡದಲ್ಲಿ ಮಸಾಜ್ ಮಾಡುತ್ತಿದ್ದ ಎಮ್ಮಾ ಓ’ರೈಲಿ ಮೊದಲೇ ಹೇಳಿದ್ದರು. ಅವರನ್ನು ಆರ್ಮ್‌ಸ್ಟ್ರಾಂಗ್ ಕೋರ್ಟಿಗೆ ಎಳೆದ, ಹೊಲಸಾಗಿ ಮಾತಾಡಿದ. 2012ರ ಹೊತ್ತಿಗೆ 11 ಮಂದಿ ಮಾಜಿ ಜೊತೆಗಾರರು ಸಾಕ್ಷಿ ಹೇಳಿದರು, ಟೂರ್‌ನ 7 ಪ್ರಶಸ್ತಿಗಳೂ ಹೋದವು. ಆತ ತಾನೇ ಒಪ್ಪಿಕೊಂಡದ್ದು 2013ರ ಜನವರಿಯಲ್ಲಿ. ಅಷ್ಟು ವರ್ಷ ಸುಮ್ಮನಿದ್ದ ಸಂಘಟಕರ, ಪತ್ರಕರ್ತರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹುಡುಗರಿಗೆ ಆರ್ಮ್‌ಸ್ಟ್ರಾಂಗ್ ಕಥೆ ಹೇಳುವಾಗ ಬಾಸೋನ್ ಕಥೆಯನ್ನೂ ಹೇಳಿ. ಆತ ಆಮೇಲೆ ಫ್ರಾನ್ಸಿನ ಕ್ರೀಡಾ ಇಲಾಖೆ ಸೇರಿ ಈ ಮದ್ದಿನ ವಿರುದ್ಧವೇ ಕೆಲಸ ಮಾಡಿದ. ಮತ್ತೆ ಒಂದು ಮಾತು. ‘ಶಕ್ತಿ ಬರುತ್ತೆ’ ಅಂತ ಯಾರಾದರೂ ಪುಡಿಯನ್ನೋ ಇಂಜೆಕ್ಷನ್ನನ್ನೋ ಕೊಡಲು ಬಂದರೆ, ಹುಡುಗರು ಅದನ್ನು ಹೆದರದೆ ನಿಮ್ಮ ಹತ್ತಿರ ಹೇಳುವಂತಿರಲಿ. ಹೇಳಿದವನನ್ನು ದಯವಿಟ್ಟು ಬೈಯಬೇಡಿ.