ಮಂಗಳೂರಿಗೆ ಅಧಿಕೃತ ಕವಿ ಇದ್ದಾರಾ? ಇದ್ದರೆ ಅವರ ಕೆಲಸ ಏನು?

ಹೊರದೇಶದ ಊರುಗಳಲ್ಲಿ ‘ನಗರ ಕವಿ’ ಅಂತ ನೇಮಕ ಮಾಡುತ್ತಾರಲ್ಲ, ಮಂಗಳೂರಲ್ಲೂ ಅಂಥದ್ದು ಉಂಟಾ, ಇದ್ದರೆ ಆ ಕವಿ ಏನು ಮಾಡಬೇಕು ಅಂತ ನೀವು ಕೇಳಿದ್ದೀರಿ.

ಹುದ್ದೆ ಇಲ್ಲ. ಕೆಲಸ ಮಾತ್ರ ಧಾರಾಳ ಉಂಟು. ಆದೇಶಪತ್ರ, ಸಂಬಳ ಎರಡೂ ಇಲ್ಲದೆ ಅದನ್ನು ಮಾಡುವವರು ಈ ಊರಲ್ಲಿ ಹತ್ತಾರು ಜನ ಇದ್ದಾರೆ, ಅವರಲ್ಲಿ ನಾನೂ ಒಬ್ಬ. ಬ್ಯಾಂಕಿನಲ್ಲಿದ್ದೆ. ಬ್ರಾಂಚಿನಲ್ಲಿ ಯಾರೋ ನಿವೃತ್ತರಾದಾಗ ಒಂದು ಬೀಳ್ಕೊಡುಗೆ ಪದ್ಯ ಬರೆದು ಓದಿದೆ. ಅಲ್ಲಿಂದ ಶುರು. ಶಾಲಾ ವಾರ್ಷಿಕೋತ್ಸವದ ಸ್ವಾಗತಗೀತೆ, ರಾಜ್ಯೋತ್ಸವದ ಕವಿಗೋಷ್ಠಿ, ಕಟ್ಟಡ ಉದ್ಘಾಟನೆ, ಎಲ್ಲಕ್ಕೂ ಕರೆ ಬರತೊಡಗಿತು.

ಇದರಲ್ಲಿ ಜಾಸ್ತಿ ಬೇಡಿಕೆ ಇರುವುದು ಅಭಿನಂದನಾ ಪತ್ರಕ್ಕೆ. ರಾತ್ರಿ ಊಟದ ಹೊತ್ತಿಗೆ ಫೋನ್ ಬರುತ್ತದೆ. “ಸರ್, ನಾಳೆ ಸನ್ಮಾನ ಉಂಟು. ದೊಡ್ಡದೇನೂ ಬೇಡ ಮಾರಾಯ್ರೆ, ನಾಲ್ಕು ಪ್ಯಾರಾ ಸಾಕು.” ವಿವರ ಕಳಿಸಿ ಅಂದರೆ ವಾಟ್ಸಾಪಿಗೆ ಒಂದು ವಿಸಿಟಿಂಗ್ ಕಾರ್ಡಿನ ಫೋಟೊ ಬೀಳುತ್ತದೆ. ಅಷ್ಟೇ ಬಂಡವಾಳ. ಪ್ರತಿ ಪ್ಯಾರಾಕ್ಕೂ ಮೇಲೆ ಒಂದು ಸಂಬೋಧನೆ ಬೇಕು: “ಕೊಡುಗೈ ದಾನಿಗಳೇ”, “ಸಂಘಟನಾ ಚತುರರೇ”. ಅದರ ಕೆಳಗೆ ಹುಟ್ಟಿದ ಊರು, ಓದಿದ ಶಾಲೆ, ಮುಂಬಯಿಯಲ್ಲಿ ಕಟ್ಟಿದ ಹೋಟೆಲು, ದೇವಸ್ಥಾನದ ಬ್ರಹ್ಮಕಲಶಕ್ಕೆ ಕೊಟ್ಟ ದೇಣಿಗೆ, ಎಲ್ಲ ಬರಬೇಕು. ಸನ್ಮಾನಿತರು ಪೇಟ ತೊಟ್ಟು, ಶಾಲು ಹೊದ್ದು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಓದುವುದು ನಿರೂಪಕರು. ಹಾಗಾಗಿ ವಾಕ್ಯ ಉದ್ದವಾದರೆ ಅವರಿಗೆ ಉಸಿರು ಸಾಲದು. ಒತ್ತಕ್ಷರ ಜಾಸ್ತಿಯಾದರೆ ನಾಲಿಗೆ ತಡವರಿಸುತ್ತದೆ. ನಾನು ಬರೆದ ಮೇಲೆ ಒಮ್ಮೆ ಜೋರಾಗಿ ಓದಿ ನೋಡುತ್ತೇನೆ. ಆಮೇಲೇ ಡಿಟಿಪಿಯವರಿಗೆ ಕಳಿಸುವುದು. ಅವರು ಅದಕ್ಕೆ ಹೂಬಳ್ಳಿಯ ಅಂಚು ಕಟ್ಟಿ, ಗಾಜಿನ ಫ್ರೇಮ್ ಹಾಕಿಸುತ್ತಾರೆ.

ಹೊಗಳಿ ಬರೆಯುವುದು ಕೀಳು ಅಂತ ನನಗೆ ಅನ್ನಿಸುವುದಿಲ್ಲ. 10ನೇ ಶತಮಾನದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೇ ಸಮ ಮಾಡಿ ಭಾರತದ ಕಥೆ ಹೇಳಿದ. ಪ್ರತಿಯಾಗಿ ಧರ್ಮಪುರ ಎಂಬ ಅಗ್ರಹಾರ ಪಡೆದ. ನಮಗೆ ಸಿಗುವುದು ಒಂದು ಶಾಲು, ಅದೃಷ್ಟ ಇದ್ದರೆ ಆಟೋ ಖರ್ಚು. ವ್ಯತ್ಯಾಸ ಪ್ರತಿಭೆಯದ್ದೂ ಹೌದು, ಬಿಡಿ!

ಹೊರಗಿನ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಡ್ರೈಡನ್ 1668ರಲ್ಲಿ ರಾಜನ ಅಧಿಕೃತ ಕವಿಯಾದ. ಸಂಬಳದ ಜೊತೆ ವೈನ್ ಪೀಪಾಯಿಯೂ ಸಿಗುತ್ತಿತ್ತು. ಆ ಪಟ್ಟ ಬಹುಕಾಲ ಸಾಯುವ ತನಕದ್ದಾಗಿತ್ತು, 1999ರಿಂದ 10 ವರ್ಷಕ್ಕೆ ಇಳಿಸಿದರು. ನೀವು ಹೇಳುವ ನಗರ ಕವಿಗಳು ಈಚಿನವರು. ಬರ್ಮಿಂಗ್‌ಹ್ಯಾಮಿನಲ್ಲಿ 1996ರಿಂದ, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1998ರಿಂದ, ಎಡಿನ್‌ಬರೋದಲ್ಲಿ 2002ರಿಂದ ಇದ್ದಾರೆ. ಸಾಮಾನ್ಯವಾಗಿ ಒಂದೆರಡು ವರ್ಷದ ಅವಧಿ, ಸ್ವಲ್ಪ ಗೌರವಧನ. ಶಾಲೆ, ಲೈಬ್ರರಿಗಳಿಗೆ ಹೋಗಿ ಮಕ್ಕಳ ಕೈಲಿ ಬರೆಸಬೇಕು, ಊರಿನ ಸುಖದುಃಖದ ದಿನಗಳಲ್ಲಿ ಒಂದು ಪದ್ಯ ಕೊಡಬೇಕು.

ನಮ್ಮ ಕಡೆಯೂ ಸರಕಾರ ಕವಿಗೆ ಪಟ್ಟ ಕಟ್ಟಿದ್ದುಂಟು. ಮಂಗಳೂರಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳಿಗೆ 1949ರಲ್ಲಿ ಮದ್ರಾಸ್ ಸರಕಾರ ‘ರಾಷ್ಟ್ರಕವಿ’ ಅಂದಿತು. ಆಗ ನಾವು ಮದ್ರಾಸಿಗೇ ಸೇರಿದ್ದವರು. ಆದರೆ ಅದು ಗೌರವ, ನೌಕರಿ ಅಲ್ಲ. ಅವರೇನೂ ಸೇತುವೆ ಉದ್ಘಾಟನೆಗೆ ಪದ್ಯ ಬರೆಯಬೇಕಾಗಿರಲಿಲ್ಲ. ಅಂದಹಾಗೆ, ಪೈಗಳು 1911ರಲ್ಲೇ ಸಾಲಿನ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟುಕೊಟ್ಟವರು. ನಮ್ಮ ಸಂಘಟಕರಿಗೆ ಇವತ್ತಿಗೂ ಸಾಲಿನ ಕೊನೆಗೆ ಪ್ರಾಸ ಬೀಳದಿದ್ದರೆ ಅದು ಪದ್ಯವೇ ಅಲ್ಲ.

ಮಂಗಳೂರಿಗೆ ನಿಜವಾಗಿ ಒಬ್ಬ ಕವಿಯನ್ನು ನೇಮಿಸುವುದಾದರೆ ಮೊದಲ ಜಗಳ ಭಾಷೆಯದ್ದೇ. ತುಳು, ಕೊಂಕಣಿ ಅಕಾಡೆಮಿಗಳು 1994ರಲ್ಲಿ ಆದವು, ಕರಾವಳಿಯ ಮುಸ್ಲಿಮರಾಡುವ ಬ್ಯಾರಿ ಭಾಷೆಯ ಅಕಾಡೆಮಿ 2007ರಲ್ಲಿ. ಮೂರಕ್ಕೂ ಕಚೇರಿ ಇದೇ ಊರಲ್ಲಿ. ಕನ್ನಡ ಹೇಗೂ ಉಂಟಲ್ಲ. ಕೊಂಕಣಿಯೊಳಗೂ ಕ್ರೈಸ್ತರ ಮಾತಿನ ಧಾಟಿ ಬೇರೆ, ಗೌಡ ಸಾರಸ್ವತ ಬ್ರಾಹ್ಮಣರದ್ದು ಬೇರೆ. ನಮ್ಮ ಬಹುಭಾಷಾ ಕವಿಗೋಷ್ಠಿಗೆ ಒಮ್ಮೆ ಬಂದು ಕೂರಿ. ದೀಪ ಹಚ್ಚಿದ ಮುಖ್ಯ ಅತಿಥಿಗಳು “ಬೇರೆ ಕಾರ್ಯಕ್ರಮ ಉಂಟು” ಅಂತ ಹೊರಡುತ್ತಾರೆ. ಉಳಿಯುವುದು ಕವಿಗಳು, ಅವರ ಮನೆಯವರು. ಎರಡನೇ ಪದ್ಯಕ್ಕೆ ಕೈ ಹಾಕಿದರೆ ಅಧ್ಯಕ್ಷರಿಂದ “ಸಮಯ” ಎಂಬ ಚೀಟಿ. ಆದರೂ ತುಳುವಿನಲ್ಲಿ ಒಂದು ಚುಚ್ಚುಮಾತು ಬಂದಾಗ ಬ್ಯಾರಿ ಕವಿ ಬಿದ್ದು ಬಿದ್ದು ನಗುತ್ತಾರಲ್ಲ, ಅದನ್ನು ನೋಡುವುದಕ್ಕಾದರೂ ಹೋಗಬೇಕು. ಅನುವಾದ ಯಾರಿಗೂ ಬೇಕಾಗುವುದಿಲ್ಲ.

ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಒಂದು ಕೊರತೆ ಉಂಟು. ನಮ್ಮನ್ನು ಕರೆಯುವುದು ಹಾರ ತುರಾಯಿ ಇರುವ ಕಡೆಗೆ ಮಾತ್ರ. 2010ರ ಮೇ 22ರಂದು ಬಜ್ಪೆಯಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು. ಊರಿಗೆ ಊರೇ ಮಾತು ಕಳೆದುಕೊಂಡಿತ್ತು. ಆಗ ಯಾರೂ ನನಗೆ ಫೋನ್ ಮಾಡಿ ನಾಲ್ಕು ಸಾಲು ಬೇಕು ಅನ್ನಲಿಲ್ಲ. ಈಗ ಫಲ್ಗುಣಿ ನದಿಯ ದಂಡೆಯಲ್ಲಿ ಸ್ಮಾರಕ ಉಂಟು, ವರ್ಷ ವರ್ಷ ಹೂವಿಡುತ್ತಾರೆ. ಊರಿಗೆ ಕವಿ ಬೇಕಾಗುವುದು ಇಂಥ ದಿನಕ್ಕೆ. ಸನ್ಮಾನಕ್ಕೆ ನಾವು ಇದ್ದೇವೆ.

ಇನ್ನು ಸುಮ್ನೆ ಬರೆಯುವಂಥವೂ ಎಷ್ಟೋ ಉಂಟು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಳೇ ಬಂದರಿನ ಧಕ್ಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಟಾರ್ಪಾಲಿನಡಿ ಕೂತು ಬಲೆ ಹೊಲಿಯುತ್ತಾರೆ. ಮೀನಿಲ್ಲದ ಧಕ್ಕೆಯ ಬಗ್ಗೆ ಪದ್ಯ ಬೇಕು ಅಂತ ಯಾವ ಸಂಘವೂ ಕೇಳುವುದಿಲ್ಲ, ಅಲ್ವಾ? ಹುದ್ದೆ ಇದ್ದರೆ ಕೇಳದೆಯೂ ಬರೆಯಬಹುದು.

ನೀವು ಪಾಲಿಕೆಗೆ ಮನವಿ ಕೊಡುವ ಯೋಚನೆಯಲ್ಲಿದ್ದರೆ, ಅವಧಿ ಎರಡು ವರ್ಷ ಮೀರದಿರಲಿ. ಆಜೀವ ಅಂದರೆ ಕವಿಗೂ ಊರಿಗೂ ಸಾಕಾಗಿಹೋಗುತ್ತದೆ. ಭಾಷೆ ಸರದಿಯಲ್ಲಿ ಬರಲಿ. ಬರೆಯುವುದಿಲ್ಲ ಎನ್ನುವ ಹಕ್ಕು ಕವಿಗೆ ಇರಬೇಕು, ಮುಖ್ಯವಾಗಿ ಚುನಾವಣೆಯ ಹೊತ್ತಲ್ಲಿ. ಗೌರವಧನ ಎಷ್ಟು, ಯಾವ ಬಾಬ್ತಿನಿಂದ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಎರಡನೇ ಪುಟ ಓದುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.