ಒಲೆ ಆರಿಸು, ಹರಳು ಆರಿಸು

ಪ್ರಶ್ನೆ: ನಮ್ಮ ಅಜ್ಜಿ ಒಲೆ ಆರಿಸು ಅಂತಾರೆ, ಬಟ್ಟೆ ಆರಿಸು ಅಂತಾರೆ, ಅಕ್ಕಿಯೊಳಗಿನ ಹರಳು ಆರಿಸು ಅಂತಲೂ ಅಂತಾರೆ. ಒಂದೇ ಮಾತಿಗೆ ಇಷ್ಟು ಅರ್ಥ ಹೇಗೆ ಬಂತು? ಬೆಂಕಿಗೆ ನಂದಿಸು ಅನ್ನುವುದೇ ಸರಿಯಾ?
(ಓದುಗರೊಬ್ಬರು, ಗದಗ)

ಉತ್ತರ: ಹರಳು ಆರಿಸುವುದನ್ನು ಮೊದಲು ಬದಿಗಿಡಿ, ಅದು ಬೇರೆಯೇ ಮಾತು. ಅದರ ನಂಟು ಆಯು, ಆಯ್ಕೆ, ಆಯ್ದುಕೊ ಇವುಗಳ ಜೊತೆ. ಇವತ್ತು ಎರಡೂ ಒಂದೇ ಥರ ಕೇಳಿಸುತ್ತವೆ, ಅಷ್ಟೇ.

ಒಲೆ, ಬಟ್ಟೆ ಎರಡೂ ಒಂದೇ ಬೇರಿನವು. ಹಳಗನ್ನಡದಲ್ಲಿ ಇದು ಆಱು, ಈಗ ಬಿಟ್ಟುಹೋಗಿರುವ ಆ ಗಡಸು ಱಕಾರದ್ದು. ಕಾವೋ ತೇವವೋ ಇಳಿದು ಹೋಗುವುದೇ ಇದರ ಒಳಗಿನ ಅರ್ಥ. ಹುಬ್ಬಳ್ಳಿಯಲ್ಲಿ ಚಹಾ ಬಿಸಿ ಜಾಸ್ತಿ ಇದ್ದರೆ ಬಸಿಗೆ ಸುರುವಿ, ಉಫ್ ಉಫ್ ಅಂತ ಊದಿ, ಆರಿಸಿ ಕುಡಿಯುತ್ತೇವೆ ಅಲ್ವಾ, ಅಲ್ಲಿ ಕಾವು ಇಳಿಯುತ್ತದೆ. ಹಗ್ಗದ ಮೇಲಿನ ಧೋತರ ಆರುವಾಗ ನೀರು ಹೋಗುತ್ತದೆ. ಒಲೆ ಆರಿದಾಗ ಬೆಂಕಿಯೇ ಹೋಗುತ್ತದೆ. ದಣಿವಾರಿಸಿಕೊಳ್ಳುವುದೂ ಇದೇ. ‘ಬೇಯುವ ತನಕ ಕಾದವನು ಆರುವ ತನಕ ಕಾಯಲಿಲ್ಲ’ ಅನ್ನುವ ಗಾದೆಯಲ್ಲಿ ಇರುವುದೂ ಇದೇ ಆರು. ತೆಲುಗಿನವರಿಗೂ ದೀಪ ಆರುತ್ತದೆ, ಬಟ್ಟೆ ಆರುತ್ತದೆ. ತಮಿಳಿನಲ್ಲಿ ಕಾಫಿ ಆರುತ್ತದೆ, ಗಾಯವೂ ಆರುತ್ತದೆ. ಅಂದರೆ ಇದು ಬಹಳ ಹಳೆಯ ಮಾತು, ಯಾರಿಂದಲೂ ಕಡ ತಂದದ್ದಲ್ಲ.

ನಂದಿಸು ಕೂಡ ನಮ್ಮದೇ. ಸಂಸ್ಕೃತದ ಆನಂದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಂದು ಅಂದರೆ ಆರಿಹೋಗು. ನಂದಾದೀಪ ನೋಡಿ: ನಂದಾ ಅಂದರೆ ನಂದದ, ಆರದ ದೀಪ. ಹಳೆಯ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಅಂತ ಎಣ್ಣೆ, ಹೊಲ ಬಿಟ್ಟ ಸಂಗತಿ ಮತ್ತೆ ಮತ್ತೆ ಬರುತ್ತದೆ. ಆ ಹೆಸರನ್ನು ಸುಮ್ನೆ ಆನಂದದ ದೀಪ ಅಂತ ಬಿಡಿಸಿದರೆ ರಾತ್ರಿಯಿಡೀ ಎಣ್ಣೆ ಹೊಯ್ದು ಅದನ್ನು ಕಾದವರ ಕೆಲಸವೇ ಮರೆತು ಹೋಗುತ್ತದೆ, ಅದು ನನಗೆ ಬಹಳ ಬೇಸರ.

ಹಾಗಾಗಿ ಎರಡೂ ಸರಿ. ಪೇಪರಿನವರು ಬೆಂಕಿ ನಂದಿಸಿದರು ಅಂತ ಬರೆಯಲಿ, ಅಜ್ಜಿ ಒಲೆ ಆರಿಸಲಿ. ದೇವರ ದೀಪಕ್ಕೆ ಮಾತ್ರ ಎಷ್ಟೋ ಮನೆಗಳಲ್ಲಿ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅಂತಾರೆ. ಲೈಟಿಗಂತೂ ನಮ್ಮ ಕಡೆ ಬಂದ್ ಮಾಡು ಅಂದುಬಿಡುತ್ತೇವೆ.