ಹೊಸ ಗಾಡಿ, ಹಳೇ ಕಾಲು

ತಮ್ಮಾ, ನೀನು ಬರೆದಿದ್ದನ್ನು ಎರಡು ಸಲ ಓದಿದೆ. ಶಿರಾಡಿ ಘಾಟಿಯಲ್ಲಿ ಹತ್ತು ವರ್ಷ ಲಾರಿ ಓಡಿಸಿದವನು ನೀನು. ಈಗ ಕೆನಡಾದ ಸರ್ರೆಗೆ ಬಂದು, ದೊಡ್ಡ ಟ್ರೇಲರ್ ಗಾಡಿ ಓಡಿಸಲು ಬೇಕಾದ ಕ್ಲಾಸ್ ಒನ್ ಲೈಸೆನ್ಸ್ ಮಾಡಿಸಿಕೊಂಡು ಟ್ರಕ್ ಹತ್ತಿದ್ದೀಯ. ಆರು ತಿಂಗಳು ಹಳೇ ಗಾಡಿ ಓಡಿಸಿದೆ. ಹೋದ ವಾರ ಕಂಪನಿಯವರು ಹೊಚ್ಚ ಹೊಸದು ಕೊಟ್ಟರು. ಬ್ರೇಕ್ ಮುಟ್ಟಿದರೆ ಸಾಕು, ಗಾಡಿ ಮುಗ್ಗರಿಸುತ್ತದೆ. "ಅಣ್ಣಾ, ಇಲ್ಲಿಗೆ ಬಂದ ಮೇಲೆ ನನಗೆ ಗಾಡಿ ಓಡಿಸೋದೇ ಮರೆತು ಹೋಯ್ತಾ?" ಅಂತ ಕೇಳಿದ್ದೀಯ.

ಮರೆತಿಲ್ಲ ಮಾರಾಯ. ನಿನ್ನ ಕಾಲಿಗೆ ಹಳೇ ಗಾಡಿಯೇ ರೂಢಿ, ಅಷ್ಟೇ.

ನನ್ನದೇ ಒಂದು ಕಥೆ ಹೇಳುತ್ತೇನೆ. ನಾನಿಲ್ಲಿಗೆ ಬಂದು ಹದಿನಾಲ್ಕು ವರ್ಷ. ಮೊದಲ ಸಲ ಹೊಸ ಗಾಡಿ ಸಿಕ್ಕಾಗ ಕೆಲೋನಾದಿಂದ ಸೇಬಿನ ಲೋಡ್ ತಂದಿದ್ದೆ. ಗೋದಾಮಿನ ಗೇಟಿನ ಮುಂದೆ ಹಳೇ ಲೆಕ್ಕದಲ್ಲೇ ಪೆಡಲ್ ಒತ್ತಿದೆ. ಕಾಫಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಹಿಂದೆ ದಡ್ ಅಂತ ಸದ್ದು. ಬಾಗಿಲು ತೆಗೆದರೆ ಪೆಟ್ಟಿಗೆ ಜೋಡಿಸಿದ್ದ ಒಂದು ಪ್ಯಾಲೆಟ್ (ಮರದ ಅಡಿಹಲಗೆ) ವಾಲಿ ನಿಂತಿದೆ, ಅಡಿಯ ಸಾಲಿನ ಪೆಟ್ಟಿಗೆಗಳು ಜಜ್ಜಿಹೋಗಿವೆ. ಆ ಪ್ಯಾಲೆಟ್ ಬೇಡ ಅಂದರು. ಗೋದಾಮಿನ ಹುಡುಗ ಅದರಿಂದಲೇ ಒಂದು ಸೇಬು ಎತ್ತಿ, ಅಂಗಿಗೆ ಒರೆಸಿ, ಕಚ್ಚಿಕೊಂಡು ಹೋದ. ನಾನು ಕಾಫಿ ಒರೆಸುತ್ತಾ ಕೂತೆ.

ಕಾರಿನ ಬ್ರೇಕ್‌ನಲ್ಲಿ ಪೆಡಲ್ ಒತ್ತಿದರೆ ಎಣ್ಣೆಯೇ ತಳ್ಳುತ್ತದೆ. ಎಷ್ಟು ಹಿಡಿಯಿತು ಅಂತ ಕಾಲಿಗೆ ತಿಳಿಯುತ್ತದೆ. ಏರ್ ಬ್ರೇಕ್‌ನಲ್ಲಿ ಪೆಡಲ್ ಬರೀ ನಲ್ಲಿ ಇದ್ದ ಹಾಗೆ. ತಿರುಗಿಸಿದಷ್ಟು ಗಾಳಿ ಬರುತ್ತದೆ. ನಿನಗೆ ಊರಲ್ಲೂ ಏರ್ ಬ್ರೇಕೇ ಇತ್ತು, ಗೊತ್ತು. ಆದರೆ ಆ ಗಾಳಿ ಟ್ರೇಲರಿನ ಕೊನೇ ಚಕ್ರ ಮುಟ್ಟಲು ಸುಮಾರು ಅರ್ಧ ಸೆಕೆಂಡ್ ಬೇಕು. 100 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಗಾಡಿ 14 ಮೀಟರ್ ಮುಂದೆ ಹೋಗಿರುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ನಿನಗೆ "ಅಯ್ಯೋ, ಹಿಡೀತಾ ಇಲ್ಲ" ಅನಿಸುತ್ತದೆ. ಇನ್ನಷ್ಟು ಒತ್ತುತ್ತೀಯ. ಮೊದಲು ಒತ್ತಿದ್ದು, ಆಮೇಲೆ ಒತ್ತಿದ್ದು ಎರಡೂ ಸೇರಿ ಹಿಡಿಯುತ್ತವೆ. ಮುಗ್ಗರಿಸೋದಕ್ಕೆ ಅರ್ಧ ಕಾರಣ ಇದು.

ಇನ್ನರ್ಧ ಗಾಡಿಯದು. ಅಮೆರಿಕದಲ್ಲಿ 2009ರಲ್ಲಿ ಒಂದು ನಿಯಮ ಬಂತು. ಲೋಡ್ ಇರುವ ಸಾಮಾನ್ಯ ಮೂರು ಆಕ್ಸಲ್ ಗಾಡಿ 60 ಮೈಲಿ ವೇಗದಿಂದ 250 ಅಡಿಯೊಳಗೆ ನಿಲ್ಲಬೇಕು. ಅದಕ್ಕೆ ಮುಂಚೆ 355 ಅಡಿ ಇತ್ತು. ನಾವು ಓಡಿಸೋದೂ ಹೆಚ್ಚುಕಮ್ಮಿ ಅವೇ ಗಾಡಿಗಳು. ಹಾಗಾಗಿ ಮುಂದಿನ ಬ್ರೇಕ್‌ಗಳಿಗೆ ಬಲ ಜಾಸ್ತಿ ಮಾಡಿದರು, ಎಷ್ಟೋ ಗಾಡಿಗಳಿಗೆ ಡ್ರಮ್ ಬದಲು ಡಿಸ್ಕ್ ಬಂತು. ಮೂಗು ತಗ್ಗಿಸಿ ನಿಲ್ಲೋದು ಅದಕ್ಕೇ.

ಹಿಮ್ಮಡಿಯನ್ನು ನೆಲಕ್ಕೆ ಊರು. ಕಾಲ್ಬೆರಳಿನಿಂದ ಮಾತ್ರ ಒತ್ತು. ಒತ್ತಿ, ಮನಸ್ಸಿನಲ್ಲಿ "ಒಂದು" ಅಂತ ಎಣಿಸಿ, ಆಮೇಲೆ ಬೇಕಿದ್ದರೆ ಇನ್ನಷ್ಟು ಒತ್ತು. ಏನಾಗುತ್ತಿದೆ ಅಂತ ನಿನಗೆ ಹೇಳೋದು ಸೀಟು, ಪೆಡಲ್ ಅಲ್ಲ. ಬೆನ್ನು ಸೀಟಿನಿಂದ ಬಿಡಲು ಶುರುವಾಯಿತು ಅಂದರೆ ಬ್ರೇಕ್ ಹಿಡಿಯಿತು ಅಂತ ಲೆಕ್ಕ. ಗಾಡಿ ಪೂರ್ತಿ ನಿಲ್ಲುವ ಮುಂಚೆ ಕಾಲು ಸ್ವಲ್ಪ ಸಡಿಲ ಬಿಡು, ಕಾಫಿ ಉಳಿಯುತ್ತದೆ. ಪಂಪ್ ಮಾತ್ರ ಮಾಡಬೇಡ, ಅಂದರೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡ. ಸುಮ್ನೆ ಗಾಳಿ ಖಾಲಿ. ಗಾಳಿಯ ಒತ್ತಡ 60 ಪಿಎಸ್‌ಐ ಹತ್ತಿರ ಇಳಿದರೆ ಬಜರ್ ಕಿರುಚುತ್ತದೆ. ಅಲ್ಲಿಗೂ ನಿಲ್ಲಿಸದೆ ಹೋದರೆ ಗಾಳಿಯ ಒತ್ತಡ ತಡೆದು ಹಿಡಿದಿರುವ ಸ್ಪ್ರಿಂಗ್ ಬ್ರೇಕ್ ತಾನೇ ಹಿಡಿದುಬಿಡುತ್ತದೆ. ಖಾಲಿ ಟ್ರೇಲರ್ ಎಳೆಯುವಾಗ ಇನ್ನೂ ಹುಷಾರು. ಭಾರವಿಲ್ಲ, ಬೇಗ ನಿಲ್ಲುತ್ತೆ ಅಂದುಕೊಳ್ಳುತ್ತೇವೆ. ಚಕ್ರ ಕುಣಿಯುತ್ತದೆ, ರಸ್ತೆ ಕಚ್ಚೋದಿಲ್ಲ, ನಿಲ್ಲೋದಕ್ಕೆ ಜಾಗ ಜಾಸ್ತಿ ಬೇಕು.

ಊರಿನ ಒಂದು ಚಾಳಿ ಅಲ್ಲೇ ಬಿಟ್ಟು ಬಾ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕೋದು. ನಾನೂ ಮಾಡಿದ್ದೇನೆ, ದೇವರು ಉಳಿಸಿದ. ಇಲ್ಲಿನ ಘಟ್ಟದ ದಾರಿ ಕೋಕಿಹಾಲಾ ಹೆದ್ದಾರಿಯ ಶಿಖರ 1,244 ಮೀಟರ್. ಅಲ್ಲಿಂದ ಹೋಪ್ ಅನ್ನೋ ಊರಿನ ಕಡೆ ಇಳಿಯುವ ಮುಂಚೆ ಜೋಪ್ಕಿಯೋಸ್‌ನಲ್ಲಿ ಬ್ರೇಕ್ ನೋಡಲು ಜಾಗ ಇದೆ. ಇಳಿದು ನೋಡು, ಸೋಮಾರಿತನ ಬೇಡ. ಇಳಿಯುವಾಗ ಎಂಜಿನ್ ಬ್ರೇಕೇ ಯಜಮಾನ, ಅಂದರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡೋದು. 60 ಕಿ.ಮೀ. ವೇಗಕ್ಕಿಂತ ಮೇಲೆ ಹೋಗಬಾರದು ಅಂತಿದ್ದರೆ, 60 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 50ಕ್ಕೆ ತಂದು ಪೂರ್ತಿ ಬಿಡು. ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ನಿನಗೆ ಶಿರಾಡಿಯಲ್ಲೇ ಪರಿಚಯ, ಅಲ್ವಾ? ರಸ್ತೆ ಮೇಲೆ ಐಸ್ ಇದ್ದರೆ ಮಾತ್ರ ಎಂಜಿನ್ ಬ್ರೇಕ್ ಆಫ್ ಮಾಡು. ಇಲ್ಲದಿದ್ದರೆ ಹಿಂದಿನ ಚಕ್ರ ಜಾರಿ ಟ್ರೇಲರ್ ಪಕ್ಕಕ್ಕೆ ಬಂದು ನಿಲ್ಲುತ್ತದೆ.

ನಿನಗೆ ನಿಜವಾಗಿ ಕಷ್ಟ ಆಗಿರುವುದು ಬ್ರೇಕ್ ಅಲ್ಲ ಅನಿಸುತ್ತದೆ. ಊರಲ್ಲಿ ಪಕ್ಕದಲ್ಲಿ ಕ್ಲೀನರ್ ಇರುತ್ತಿದ್ದ. ಬಾಡಿ ತಟ್ಟಿ "ಬರ್ಲಿ, ಬರ್ಲಿ" ಅನ್ನುತ್ತಿದ್ದ. ಹೊಸ ಗಾಡಿ ಹೇಗಿದೆ ಅಂತ ಮಾತಾಡಲು ಒಂದು ಜೀವ ಇತ್ತು. ಇಲ್ಲಿ ಕನ್ನಡಿ, ಕ್ಯಾಮೆರಾ, ನೀನು. ತಪ್ಪಾದರೆ ನಗೋದಕ್ಕೂ ಯಾರೂ ಇಲ್ಲ. ನನಗೆ ಅದು ರೂಢಿಯಾಗಲು ಎರಡು ವರ್ಷ ಹಿಡಿಯಿತು. ಬ್ರೇಕ್ ನಿನಗೆ ಎರಡು ವಾರದಲ್ಲಿ ಬರುತ್ತದೆ.

ಕಂಪನಿಯಲ್ಲಿ ಲೋಡ್ ಹಂಚುವ ಡಿಸ್ಪ್ಯಾಚರ್ ಹತ್ತಿರ ನೇರವಾಗಿ ಕೇಳು: "ಗಾಡಿ ಹೊಸದು, ಯಾರ್ಡಿನಲ್ಲಿ ಒಂದು ಗಂಟೆ ಬೇಕು." ನಾವು ಕೇಳೋದಿಲ್ಲ, ಮರ್ಯಾದೆ ಹೋಗುತ್ತೆ ಅಂತ. ಇಲ್ಲಿ ಕೇಳಿದವನಿಗೆ ಯಾರೂ ಏನೂ ಅನ್ನೋದಿಲ್ಲ, ಕೇಳದೆ ಗೇಟಿಗೆ ಗುದ್ದಿದವನಿಗೆ ಅನ್ನುತ್ತಾರೆ. ಭಾನುವಾರ ಬೆಳಗ್ಗೆ ಯಾರ್ಡ್ ಖಾಲಿ ಇದ್ದರೆ ನನಗೂ ಫೋನ್ ಮಾಡು, ಬರುತ್ತೇನೆ.

ಅಕ್ಟೋಬರ್ 1ರಿಂದ ಘಟ್ಟದ ದಾರಿಗೆ ಹಿಮದಲ್ಲಿ ಚಕ್ರಕ್ಕೆ ಸುತ್ತುವ ಚೈನ್ ಇಟ್ಟುಕೊಳ್ಳಲೇಬೇಕು, ಅದು ಕಂಪನಿ ಕೊಡುತ್ತದೆ. ಅದರ ಜೊತೆಗೆ ಒಂದು ಒಳ್ಳೇ ಸುತ್ತಿಗೆ ನೀನೇ ತಗೋ. ಬಿಸಿ ಬ್ರೇಕ್ ಒದ್ದೆ ಹಿಮದಲ್ಲಿ ಹಾಕಿ ಮಲಗಿದರೆ ಬೆಳಗ್ಗೆ ಬ್ರೇಕ್ ಶೂ ಡ್ರಮ್ಮಿಗೆ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತದೆ. ಕೆಳಗೆ ತೂರಿ ನಾಲ್ಕು ಏಟು ಹಾಕಿದರೇ ಬಿಡೋದು.